ಬಾಗಿಲು ನೋಡಿ ಕೊಡೋದಾ, ಹೆಸರು ಕೇಳಿ ಕೊಡೋದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಇಂಟರ್ನೆಟ್ ಕೊಡುವವರಿಗೆ 'ಇವರು ನಮ್ಮ ಗ್ರಾಹಕರು' ಅಂತ ಹೇಗೆ ಗೊತ್ತಾಗುತ್ತದೆ? ಇಪ್ಪತ್ತು ವರ್ಷದಿಂದ ನಾನು ಮುಂಬಯಿಯಲ್ಲಿ ಮಾಡುತ್ತಾ ಬಂದಿರುವ ಕೆಲಸವೇ ಇದು. ಹಾಗಾಗಿ ಲ್ಯಾಪ್‌ಟಾಪ್, ಪ್ರಿಂಟರ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ನಾಲ್ಕು ಪತ್ರಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೊದಲು ನಮ್ಮ ಮನೆಯಲ್ಲಿ ಕೇಬಲ್‌ನವರ ಇಂಟರ್ನೆಟ್ ಇತ್ತು. ರೌಟರ್ ರೀಸೆಟ್ ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಬೇಕಿತ್ತು. ಡೈರಿಯಲ್ಲಿ ಬರೆದಿಟ್ಟಿದ್ದೆ. ಈಗ ಫೈಬರ್ ಹಾಕಿಸಿದ್ದೇವೆ. ಹುಡುಗ ಬಂದ, ಡಬ್ಬಿಯನ್ನು ಗೋಡೆಗೆ ಕೂರಿಸಿದ, ಹಿಂದಿನ ಸ್ಟಿಕ್ಕರ್‌ನ ಫೋಟೋ ತೆಗೆದು ಯಾರಿಗೋ ವಾಟ್ಸಾಪ್ ಮಾಡಿದ. ಹತ್ತು ನಿಮಿಷದಲ್ಲಿ ನೆಟ್ ಬಂತು. ಪಾಸ್‌ವರ್ಡ್ ಅಂತ ಏನೂ ಕೇಳಲೇ ಇಲ್ಲ. ನಮ್ಮ ಲೆಕ್ಕದಲ್ಲಿ ಬೇರೆ ಯಾರಾದರೂ ಬಳಸಿದರೆ ಏನು ಗತಿ?
— ಗೃಹಿಣಿ, ಡೊಂಬಿವಲಿ ಪೂರ್ವ

ನಿಮ್ಮನ್ನು ಪಾಸ್‌ವರ್ಡ್ ಕೇಳಲಿಲ್ಲ, ನಿಜ. ಆದರೆ ಗುರುತು ಹಿಡಿಯುವ ಕೆಲಸ ನಡೆದೇ ಇದೆ. ಆ ಹುಡುಗ ಫೋಟೋ ತೆಗೆದದ್ದು ಅದಕ್ಕೇ.

ಡಬ್ಬಿಯ ಹಿಂದೆ ಒಮ್ಮೆ ನೋಡಿ. ಎಸ್‌ಎನ್ (SN, ಅಂದರೆ ಸೀರಿಯಲ್ ನಂಬರ್) ಅಂತ ಇರುತ್ತದೆ, ಅದರ ಮುಂದೆ ಹನ್ನೆರಡು ಅಕ್ಷರ ಮತ್ತು ಅಂಕಿ. ಮೊದಲ ನಾಲ್ಕು ಅಕ್ಷರ ಡಬ್ಬಿ ತಯಾರಿಸಿದ ಕಂಪನಿಯ ಗುರುತು. ಉಳಿದ ಎಂಟು ನಿಮ್ಮ ಆ ಒಂದು ಡಬ್ಬಿಯದ್ದು ಮಾತ್ರ. ಕೆಲವು ಸ್ಟಿಕ್ಕರ್‌ಗಳಲ್ಲಿ ಹದಿನಾರು ಇರುತ್ತವೆ, ಅದು ಅದೇ ನಂಬರನ್ನು ಇನ್ನೊಂದು ರೀತಿ ಬರೆದದ್ದು. ಹುಡುಗ ಕಳಿಸಿದ ಫೋಟೋ ನೋಡಿ ಆಫೀಸಿನಲ್ಲಿ ಕೂತವರು ಆ ನಂಬರನ್ನು ನಿಮ್ಮ ಹೆಸರಿನ ಮುಂದೆ ಬರೆದುಕೊಂಡರು. ಎಕ್ಸ್‌ಚೇಂಜಿನ ಕಡೆ ಇರುವ ದೊಡ್ಡ ಯಂತ್ರಕ್ಕೆ ಒಎಲ್‌ಟಿ ಅಂತಾರೆ. ನಿಮ್ಮ ಡಬ್ಬಿ ಆನ್ ಆದ ಕೂಡಲೇ ಅದು ನಂಬರ್ ಕೇಳುತ್ತದೆ, ಡಬ್ಬಿ ಹೇಳುತ್ತದೆ. ಪಟ್ಟಿಯಲ್ಲಿ ಇದ್ದರೆ ಡಬ್ಬಿಯ ಮೇಲೆ ಮಿಣುಕುತ್ತಿದ್ದ ಪಾನ್ (PON) ಅಂತ ಬರೆದ ದೀಪ ಸ್ಥಿರವಾಗಿ ಹಸಿರಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಮಿಣುಕುತ್ತಲೇ ಇರುತ್ತದೆ.

ನಿಮಗೆ ಎರಡು ಅಂಗಡಿಗಳ ಉದಾಹರಣೆ ಕೊಡುತ್ತೇನೆ. ಮೊದಲೆಲ್ಲ ರೇಷನ್ ಅಂಗಡಿಗೆ ಹೋದರೆ ಕಾರ್ಡ್ ತೋರಿಸಿದರೆ ಸಾಕಿತ್ತು. ಕಾರ್ಡ್ ಯಾರ ಕೈಯಲ್ಲಿತ್ತೋ ಅವರಿಗೆ ಅಕ್ಕಿ ಸಿಗುತ್ತಿತ್ತು. ಬೆಳಿಗ್ಗೆ ಹಾಲಿನವನು ಹಾಗಲ್ಲ. ನಿಮ್ಮ ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ. ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ ಎರಡು ಪ್ಯಾಕೆಟ್ ಹಾಕಿ ಮುಂದಿನ ಮನೆಗೆ ಹೋಗುತ್ತಾನೆ. ನಿಮ್ಮ ಹಳೇ ಕೇಬಲ್ ಇಂಟರ್ನೆಟ್ ರೇಷನ್ ಅಂಗಡಿ. ಹೊಸ ಫೈಬರ್ ಹಾಲಿನವನು.

ನೆಟ್‌ವರ್ಕ್ ಕೆಲಸವನ್ನು ನಾವು ಮಹಡಿಗಳ ಲೆಕ್ಕದಲ್ಲಿ ನೋಡುತ್ತೇವೆ. ತಳಮಹಡಿಯಲ್ಲಿ ತಂತಿ, ಬೆಳಕು. ಅದರ ಮೇಲೆ ಈಥರ್ನೆಟ್, ಅಂದರೆ ಹತ್ತಿರದ ಯಂತ್ರಗಳು ಒಂದಕ್ಕೊಂದು ಮಾತಾಡುವ ರೀತಿ, ಅಲ್ಲಿ ಪ್ರತಿ ಯಂತ್ರಕ್ಕೂ ಒಂದು ಮ್ಯಾಕ್ ನಂಬರ್. ಅದರ ಮೇಲೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಬಳಸಲು ಯಂತ್ರಕ್ಕೆ ಸಿಗುವ ವಿಳಾಸ. ಎಲ್ಲಕ್ಕಿಂತ ಮೇಲೆ ನಾವು ಕಣ್ಣಿನಿಂದ ನೋಡುವ ಬ್ರೌಸರ್ ಪುಟ. 'ನೀವು ಯಾರು' ಅನ್ನೋ ಪ್ರಶ್ನೆಯನ್ನು ಯಾವ ಮಹಡಿಯಲ್ಲಿ ನಿಂತು ಬೇಕಾದರೂ ಕೇಳಬಹುದು. ಎಲ್ಲಿ ಕೇಳುತ್ತಾರೆ ಅನ್ನುವುದರ ಮೇಲೆ ಉತ್ತರವೂ ಬದಲಾಗುತ್ತದೆ. ಕೆಳಗೆ ಕೇಳಿದರೆ 'ಇದು ಈ ಮನೆಯ ಡಬ್ಬಿ' ಅನ್ನುವ ಉತ್ತರ. ಮೇಲೆ ಕೇಳಿದರೆ 'ನಾನು ಇಂಥವನು' ಅನ್ನುವ ಉತ್ತರ.

ನಿಮ್ಮಲ್ಲಿ ತಳಮಹಡಿಯಲ್ಲೇ ಡಬ್ಬಿಯ ಗುರುತು ಸಿಕ್ಕಿತು. ಆಮೇಲೆ ಡಬ್ಬಿ 'ನನಗೊಂದು ಐಪಿ ವಿಳಾಸ ಕೊಡಿ' ಅಂತ ಕೇಳುತ್ತದೆ. ಇದಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಆ ಅರ್ಜಿ ದಾರಿಯಲ್ಲಿ ಹೋಗುವಾಗ ಕಂಪನಿಯ ಯಂತ್ರ ಅದರ ಮೇಲೆ ಒಂದು ಚೀಟಿ ಅಂಟಿಸುತ್ತದೆ: 'ಇದು ಇಂಥ ಪೋರ್ಟಿನ, ಇಂಥ ಡಬ್ಬಿಯಿಂದ ಬಂದದ್ದು.' ಆಪ್ಷನ್ 82 ಅಂತ ಅದರ ಹೆಸರು. 2001ರಿಂದ ಇದೆ. ಚೀಟಿ ಅಂಟಿಸುವುದು ನಿಮ್ಮ ಮನೆಯ ಡಬ್ಬಿಯಲ್ಲ, ಕಂಪನಿಯ ಯಂತ್ರ. ಹಾಗಾಗಿ ಮನೆಯೊಳಗೆ ಕೂತು ಯಾರೂ ಅದನ್ನು ತಿದ್ದಲು ಆಗುವುದಿಲ್ಲ. ನನಗೆ ಈ ಪದ್ಧತಿ ಇಷ್ಟವಾಗುವುದು ಇದೇ ಕಾರಣಕ್ಕೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇದಿಲ್ಲದ ಕಾಲವನ್ನು ನಿಮ್ಮದೇ ಊರಲ್ಲಿ ನೋಡಿದವನು ನಾನು. 2004ರಲ್ಲಿ ಡೊಂಬಿವಲಿಯ ಒಬ್ಬ ಆಪರೇಟರ್ ಹತ್ತಿರ ಕೆಲಸಕ್ಕಿದ್ದೆ. ಹಗಲು ಲೈನ್ ಎಳೆಯುವುದು, ರಾತ್ರಿ ಓದು. ಒಂದು ಕಟ್ಟಡದ ಟೆರೇಸಿನಿಂದ ಇನ್ನೊಂದಕ್ಕೆ ನೀಲಿ ಕೇಬಲ್ ಹಾರಿಸುತ್ತಿದ್ದೆವು. ನೀರಿನ ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಡಬ್ಬದಲ್ಲಿ ಎಂಟು ಪೋರ್ಟಿನ ಸ್ವಿಚ್. ಗುರುತಿಗೆ ಇದ್ದದ್ದು ಮ್ಯಾಕ್ ನಂಬರ್ ಒಂದೇ. ಹಣ ಕಟ್ಟಿದವರ ಮ್ಯಾಕ್ ಪಟ್ಟಿಯಲ್ಲಿ, ಕಟ್ಟದವರದ್ದು ಹೊರಗೆ. ಆದರೆ ಆ ನಂಬರನ್ನು ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಯಾರು ಬೇಕಾದರೂ ಬದಲಿಸಬಹುದು. ಮೂರನೇ ಮಹಡಿಯ ಕಾಲೇಜು ಹುಡುಗ ಒಂದನೇ ಮಹಡಿಯ ಅಂಕಲ್‌ದು ಹಾಕಿಕೊಂಡ. ಅಂಕಲ್ ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ಇಬ್ಬರಿಗೂ ನೆಟ್ ನಿಂತು ನಿಂತು ಬರುತ್ತಿತ್ತು. ಎರಡು ವಾರ ನಾನು ಕೇಬಲ್ ಬದಲಿಸಿದೆ, ಕನೆಕ್ಟರ್ ಬದಲಿಸಿದೆ. ಕೊನೆಗೆ ಸ್ವಿಚ್ಚಿನ ಮುಂದೆ ಕೂತು ಒಂದೊಂದೇ ವೈರ್ ಕಿತ್ತು ನೋಡಿದಾಗ ಗೊತ್ತಾಯಿತು. ಅಂಕಲ್ ತಿಂಗಳ ಹಣ ಸರಿಯಾಗಿ ಕಟ್ಟುವವರು. ಎರಡು ವಾರ ಅವರಿಗೆ ಸರಿಯಾದ ಸೇವೆ ಕೊಡಲಿಲ್ಲ ಅನ್ನುವ ನೋವು ಈಗಲೂ ಇದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೆಟ್ಟಿಲ ಹತ್ತಿರದ ಪೆಟ್ಟಿಗೆ ತೆರೆದು ಯಾರೋ ನಿಮ್ಮ ಫೈಬರಿಗೆ ತಮ್ಮ ಡಬ್ಬಿ ಸಿಕ್ಕಿಸಿದರೆ? ನಂಬರ್ ಪಟ್ಟಿಯಲ್ಲಿಲ್ಲ, ನಡೆಯುವುದಿಲ್ಲ. ಪಕ್ಕದ ಮನೆಯವರು ನಿಮ್ಮ ಮಾತು ಕದ್ದು ಕೇಳಬಹುದಾ? ಒಂದೇ ಫೈಬರಿನ ಬೆಳಕು ಸ್ಪ್ಲಿಟರ್‌ನಲ್ಲಿ ಒಡೆದು ಮೂವತ್ತೆರಡೋ ಅರವತ್ತನಾಲ್ಕೋ ಮನೆಗೆ ಹೋಗುತ್ತದೆ. ನಿಮ್ಮ ಮನೆಗೆ ಬರುವ ಡೇಟಾದ ಬೆಳಕು ಎಲ್ಲರ ಮನೆಗೂ ಮುಟ್ಟುತ್ತದೆ. ಅದಕ್ಕೇ ಜಿಪಾನ್ ಅನ್ನುವ ಈ ಬಗೆಯ ಫೈಬರ್ ಪದ್ಧತಿಯಲ್ಲಿ ಅದನ್ನು ಎಇಎಸ್ ಅನ್ನುವ ಗುಪ್ತಲಿಪಿಯ ಬೀಗ ಹಾಕಿ ಕಳಿಸುವ ಏರ್ಪಾಡು ಇದೆ. ಕೀಲಿ ನಿಮ್ಮ ಡಬ್ಬಿಯೇ ತಯಾರಿಸುತ್ತದೆ.

ಆದರೆ ಒಂದು ಕಡೆ ಮಾತ್ರ ನೀವು ಗಮನ ಕೊಡಲೇಬೇಕು. ಹಾಲಿನವನು ಚೀಲದವರೆಗೆ ಬರುತ್ತಾನೆ. ಮನೆಯೊಳಗೆ ಯಾರು ಕುಡಿದರು ಅಂತ ಅವನಿಗೆ ಗೊತ್ತಿಲ್ಲ. ನಿಮ್ಮ ವೈಫೈಗೆ ಸೇರಿದ ಯಾರೇ ಆಗಲಿ, ಕಂಪನಿಯ ಲೆಕ್ಕದಲ್ಲಿ ಅದು ನೀವೇ. ನೆಟ್ ಹಾಕಿಸುವಾಗ ಆಧಾರ್ ಅಥವಾ ಬೇರೆ ಗುರುತಿನ ದಾಖಲೆ ಕೊಟ್ಟಿದ್ದೀರಿ ಅಲ್ವಾ? ಪೊಲೀಸರು ಕೇಳಿದರೆ ಆ ಹೆಸರೇ ಹೊರಗೆ ಬರುವುದು. ಎಷ್ಟೋ ಡಬ್ಬಿಗಳಲ್ಲಿ ವೈಫೈ ಪಾಸ್‌ವರ್ಡ್ ಕೂಡ ಅದೇ ಸ್ಟಿಕ್ಕರ್ ಮೇಲೆ ಇರುತ್ತದೆ. ಅದರ ಫೋಟೋ ಈಗ ಯಾರದ್ದೋ ವಾಟ್ಸಾಪಿನಲ್ಲಿದೆ. ಹಾಗಾಗಿ ಇವತ್ತೇ ವೈಫೈ ಪಾಸ್‌ವರ್ಡ್ ಬದಲಿಸಿ. ಹಳೇದನ್ನು ಬರೆದಿಟ್ಟ ಡೈರಿಯಲ್ಲೇ ಹೊಸದನ್ನೂ ಬರೆಯಿರಿ, ತಪ್ಪಿಲ್ಲ. ಸ್ಟಿಕ್ಕರ್‌ನ ಫೋಟೋವನ್ನು ಸೊಸೈಟಿ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ.

ಪ್ರಶ್ನೆ: ನಮ್ಮದು ಸಣ್ಣ ಮೆಸ್. ಬಿಲ್, ಪೇಮೆಂಟ್ ಎಲ್ಲ ನೆಟ್ ಮೇಲೆ. ಕರೆಂಟ್ ಹೋಗಿ ಬಂದರೆ ಕೆಲವು ಸಲ ಹದಿನೈದು ಇಪ್ಪತ್ತು ನಿಮಿಷ ನೆಟ್ ಬರುವುದಿಲ್ಲ. ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ ನೋಡಿದರೆ 691 ಅಂತ ಎರರ್. ಪಾಸ್‌ವರ್ಡ್ ತಪ್ಪು ಅಂತ ಹೇಳುತ್ತದೆ. ಪಾಸ್‌ವರ್ಡ್ ಸರಿಯಾಗೇ ಇದೆ. ಊಟದ ಹೊತ್ತಿಗೆ ಹೀಗಾದರೆ ಕಷ್ಟ.
— ಮೆಸ್ ನಡೆಸುವವರು, ಮಾಟುಂಗಾ

ನಿಮ್ಮ ಪಾಸ್‌ವರ್ಡ್ ತಪ್ಪಿಲ್ಲ. ನೀವು ಆಗಲೇ ಒಳಗೆ ಇದ್ದೀರಿ ಅಂತ ಆ ಕಡೆಯ ಕಂಪ್ಯೂಟರ್ ತಿಳಿದುಕೊಂಡಿದೆ. ಹಾಗಾಗಿ ಎರಡನೇ ಸಲ ಒಳಗೆ ಬಿಡುತ್ತಿಲ್ಲ.

ನಿಮ್ಮದು ರೇಷನ್ ಅಂಗಡಿಯ ಪದ್ಧತಿ. ಪಿಪಿಪಿಒಇ ಅಂತ ಅದರ ಹೆಸರು. ಫೋನ್ ಲೈನಿನ ಮೇಲೆ ಮೋಡೆಮ್ ಕಿರುಗುಟ್ಟಿಸುತ್ತಿದ್ದ ಕಾಲದ ಪಿಪಿಪಿ ಅನ್ನುವ ಲಾಗಿನ್ ಪದ್ಧತಿಯನ್ನೇ ತಂದು ಈಥರ್ನೆಟ್ ಮೇಲೆ ಕೂರಿಸಿದರು. 1999ರಲ್ಲಿ ಇದರ ನಿಯಮ ಬರೆದಾಯಿತು. ರೌಟರ್ ಆನ್ ಆದಾಗ ಮೊದಲು ಕೂಗುತ್ತದೆ: 'ಯಾರಾದರೂ ಸರ್ವರ್ ಇದ್ದೀರಾ?' ಅತ್ತ ಕಡೆಯಿಂದ 'ನಾನಿದ್ದೇನೆ'. 'ಹಾಗಾದರೆ ನನ್ನನ್ನು ಸೇರಿಸಿಕೊಳ್ಳಿ.' 'ಆಯಿತು, ಇದು ನಿನ್ನ ಸೆಷನ್ ನಂಬರ್.' ಒಳಗೆ ಬಂದಲ್ಲಿಂದ ಹೊರಗೆ ಹೋಗುವವರೆಗಿನ ಒಂದು ಸರದಿಗೆ ಸೆಷನ್ ಅಂತಾರೆ. ಈ ನಾಲ್ಕು ಮಾತು ಮುಗಿದ ಮೇಲೆ ಹೆಸರು, ಪಾಸ್‌ವರ್ಡ್. ಎಲ್ಲವೂ ಈಥರ್ನೆಟ್ ಮಹಡಿಯಲ್ಲೇ, ಐಪಿ ವಿಳಾಸ ಸಿಗುವ ಮೊದಲೇ.

ಪಾಸ್‌ವರ್ಡ್ ಹೇಳುವುದರಲ್ಲೂ ಎರಡು ಬಗೆ. ಪಾಪ್ ಅನ್ನುವುದರಲ್ಲಿ ರೌಟರ್ ಪಾಸ್‌ವರ್ಡನ್ನು ಇದ್ದ ಹಾಗೇ ಕಳಿಸುತ್ತದೆ. ಚಾಪ್‌ನಲ್ಲಿ ಹಾಗಲ್ಲ. ಸರ್ವರ್ ಮೊದಲು ಒಂದು ಸಂಖ್ಯೆ ಕಳಿಸುತ್ತದೆ. ರೌಟರ್ ಅದನ್ನೂ ಪಾಸ್‌ವರ್ಡನ್ನೂ ಸೇರಿಸಿ ಒಂದು ಲೆಕ್ಕ ಮಾಡಿ ಉತ್ತರ ಮಾತ್ರ ವಾಪಸ್ ಕಳಿಸುತ್ತದೆ. ಸರ್ವರ್ ಕಡೆಯೂ ಅದೇ ಲೆಕ್ಕ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡ್ ತಂತಿ ಮೇಲೆ ಹೋಗುವುದೇ ಇಲ್ಲ. ಪ್ರತಿ ಸಲ ಸಂಖ್ಯೆ ಬೇರೆ, ಹಾಗಾಗಿ ನಿನ್ನೆಯ ಉತ್ತರ ಕದ್ದವನಿಗೆ ಇವತ್ತು ಉಪಯೋಗವಿಲ್ಲ. ಮೊದಲ ಸಲ ಇದನ್ನು ಓದಿ ಅರ್ಥ ಮಾಡಿಕೊಂಡ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ನಿಮ್ಮ ರೌಟರ್‌ನಲ್ಲಿ ಆಯ್ಕೆ ಇದ್ದರೆ 'ಆಟೋ' ಬದಲು ಚಾಪ್ ಇಟ್ಟು ನೋಡಿ. ನಡೆದರೆ ಹಾಗೇ ಬಿಡಿ.

ಹೌದೋ ಅಲ್ಲವೋ ಅಂತ ಹೇಳುವವನು ರೇಡಿಯಸ್ ಸರ್ವರ್. ಅವನ ಕೈಯಲ್ಲಿ ಎರಡು ಪುಸ್ತಕ ಇವೆ ಅಂದುಕೊಳ್ಳಿ. ಒಂದರಲ್ಲಿ ಯಾರಿಗೆ ಪ್ರವೇಶ, ಎಷ್ಟು ಸ್ಪೀಡ್. ಇನ್ನೊಂದರಲ್ಲಿ ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾವಾಗ ಹೋದರು. ನಿಮ್ಮ ತೊಂದರೆ ಇರುವುದು ಎರಡನೇ ಪುಸ್ತಕದಲ್ಲಿ. ಕರೆಂಟ್ ಹೋದಾಗ ರೌಟರ್ 'ಹೋಗಿ ಬರುತ್ತೇನೆ' ಅಂತ ಹೇಳದೆ ಸಾಯುತ್ತದೆ. ಆ ಕಡೆಯ ಯಂತ್ರ ಆಗಾಗ 'ಇದ್ದೀಯಾ' ಅಂತ ಕೇಳುತ್ತಿರುತ್ತದೆ. ಕೆಲವು ಸಲ ಉತ್ತರ ಬಾರದಿದ್ದರೆ ಸೆಷನ್ ಮುಚ್ಚಿ ರೇಡಿಯಸ್‌ಗೆ 'ಇವರು ಹೋದರು' ಅಂತ ಚೀಟಿ ಕಳಿಸುತ್ತದೆ. ಆ ಚೀಟಿ ತಲುಪದಿದ್ದರೆ ಪುಸ್ತಕದಲ್ಲಿ ನೀವು ಒಳಗೇ ಇರುತ್ತೀರಿ. ಒಂದು ಹೆಸರಿಗೆ ಒಂದೇ ಸೆಷನ್ ಅನ್ನುವುದು ಹೆಚ್ಚಿನ ಕಡೆ ನಿಯಮ. ಹಾಗಾಗಿ 691. ಪ್ಲಾನ್ ಮುಗಿದಿದ್ದರೂ ಇದೇ 691 ಬರಬಹುದು, ಅದನ್ನೂ ನೋಡಿಕೊಳ್ಳಿ.

2020ರ ಅಕ್ಟೋಬರ್ 12 ನಿಮಗೂ ನೆನಪಿರಬೇಕು. ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬಯಿಗೆ ಮುಂಬಯಿಯೇ ಕರೆಂಟ್ ಕಳೆದುಕೊಂಡಿತು. ಲೋಕಲ್ ರೈಲು ನಿಂತವು. ಕೊರೋನಾ ಕಾಲ, ಎಲ್ಲರ ಆಫೀಸು ಮನೆಯಲ್ಲೇ, ಮಕ್ಕಳ ಶಾಲೆಯೂ ಮನೆಯಲ್ಲೇ. ನಾನು ಜನರೇಟರ್ ಮೇಲೆ ನಡೆಯುತ್ತಿದ್ದ ಕೋಣೆಯಲ್ಲಿ ಸ್ಕ್ರೀನ್ ಮುಂದೆ ಇದ್ದೆ. ಒಳಗಿರುವ ಗ್ರಾಹಕರ ಸಂಖ್ಯೆ ತೋರಿಸುವ ಗೆರೆ ಬಂಡೆಯಿಂದ ಕಲ್ಲು ಬಿದ್ದ ಹಾಗೆ ಬಿತ್ತು. ಅದಕ್ಕಿಂತ ಕಷ್ಟವಾದದ್ದು ಕರೆಂಟ್ ಬಂದಾಗ. ಒಂದೊಂದು ಏರಿಯಾಕ್ಕೆ ಕರೆಂಟ್ ಬಂದ ಹಾಗೆ ಸಾವಿರಾರು ರೌಟರ್ ಒಂದೇ ಗಳಿಗೆಯಲ್ಲಿ ಎದ್ದು 'ಸರ್ವರ್ ಇದ್ದೀರಾ' ಅಂತ ಕೂಗತೊಡಗಿದವು. ರೇಡಿಯಸ್‌ಗೆ ಉತ್ತರ ಕೊಡಲು ತಡವಾಯಿತು. ಉತ್ತರ ಬರಲಿಲ್ಲ ಅಂತ ರೌಟರ್‌ಗಳು ಮತ್ತೆ ಕೂಗಿದವು. ಹಳೇ ಸೆಷನ್‌ಗಳನ್ನು ಗುಂಪು ಗುಂಪಾಗಿ ನಾವೇ ಕೈಯಿಂದ ತೆಗೆಯಬೇಕಾಯಿತು. ಆ ದಿನ ನಾನು ಮಧ್ಯಾಹ್ನದ ಊಟ ಮಾಡಿದ್ದು ರಾತ್ರಿ ಒಂಬತ್ತಕ್ಕೆ.

ನೀವು ಮಾಡಬೇಕಾದ್ದು ಇಷ್ಟು. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿ. ರೌಟರ್ ಸಾಯದಿದ್ದರೆ ಈ ತೊಂದರೆ ಬಹಳ ಕಡಿಮೆ. ಆದರೂ ಹೀಗಾದರೆ ಫೋನ್ ಮಾಡಿ 'ಸೆಷನ್ ಕ್ಲಿಯರ್ ಮಾಡಿ' ಅನ್ನಿ. 'ನೆಟ್ ಇಲ್ಲ' ಅಂದರೆ ದೂರು ಬರೆದುಕೊಳ್ಳುತ್ತಾರೆ. 'ಸೆಷನ್ ಕ್ಲಿಯರ್' ಅಂದರೆ ಅರ್ಧ ನಿಮಿಷದ ಕೆಲಸ. ದಯವಿಟ್ಟು ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ಇಪ್ಪತ್ತು ನಿಮಿಷದ ತೊಂದರೆ ಇಡೀ ದಿನದ್ದಾಗುತ್ತದೆ.

ಕರೆಂಟ್ ಹೋಗದೇ ಇದ್ದರೂ 691 ಬಂದರೆ ಮಾತ್ರ ಸುಮ್ನೆ ಬಿಡಬೇಡಿ. ನಿಮ್ಮ ಹೆಸರನ್ನು ಬೇರೆ ಯಾರೋ ಬಳಸುತ್ತಿರಬಹುದು. ಕೆಲವು ವರ್ಷಗಳ ಹಿಂದೆ ನನ್ನ ಮುಂದೆಯೇ ಇಂಥ ಒಂದು ದೂರು ಬಂತು. ಲಾಗ್ ತೆಗೆದು ನೋಡಿದರೆ ಒಂದೇ ಹೆಸರಿನಲ್ಲಿ ಎರಡು ಮ್ಯಾಕ್ ನಂಬರ್. ಹಗಲು ಒಂದು, ರಾತ್ರಿ ಒಂದು. ಕನೆಕ್ಷನ್ ಕೊಡಲು ಹೋಗಿದ್ದ ಹುಡುಗನೇ ಆ ಹೆಸರು, ಪಾಸ್‌ವರ್ಡನ್ನು ಇನ್ನೊಂದು ಅಂಗಡಿಗೆ ಕೊಟ್ಟಿದ್ದ. ರೇಷನ್ ಕಾರ್ಡ್ ಕೈ ಬದಲಾಯಿಸುತ್ತದೆ, ಗೋಡೆಯೊಳಗಿನ ತಂತಿ ಹಾಗೆ ನಡೆದಾಡುವುದಿಲ್ಲ. ಅದಕ್ಕೇ ಈಗ ಒಳ್ಳೆಯ ಆಪರೇಟರ್‌ಗಳು ಹೆಸರಿನ ಜೊತೆ ಮ್ಯಾಕ್ ಅಥವಾ ಲೈನಿನ ಗುರುತನ್ನೂ ಕಟ್ಟಿಹಾಕುತ್ತಾರೆ. ನಿಮ್ಮ ಆಪರೇಟರನ್ನು ಕೇಳಿ: 'ನನ್ನ ಹೆಸರಿನಲ್ಲಿ ಯಾವ ಮ್ಯಾಕ್‌ನಿಂದ ಲಾಗಿನ್ ಆಗಿದೆ?' ಇದು ಅವರ ಹತ್ತಿರ ಇರುತ್ತದೆ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಹಿಂಜವಡಿಯ ಪಿಜಿಯಲ್ಲಿದ್ದೇನೆ. ವೈಫೈಗೆ ಸೇರಿದರೆ ಒಂದು ಪುಟ ಬಂದು ರೂಮ್ ನಂಬರ್, ಪಾಸ್‌ವರ್ಡ್ ಕೇಳುತ್ತದೆ. ಕೆಲವು ಸಲ ಆ ಪುಟವೇ ಬರುವುದಿಲ್ಲ. ಎರಡು ಡಿವೈಸ್ ಮಾತ್ರ ಅಂತ ನಿಯಮ, ನನ್ನ ಒಂದೇ ಫೋನ್ ಎರಡು ಅಂತ ತೋರಿಸುತ್ತದೆ.
— ಗದಗಿನ ಯುವಕ, ಪುಣೆ

ಇದು ತುತ್ತತುದಿಯ ಮಹಡಿ. ಕೆಳಗಿನ ಬಾಗಿಲುಗಳೆಲ್ಲ ತೆರೆದಿರುತ್ತವೆ, ಐಪಿ ವಿಳಾಸವೂ ಸಿಗುತ್ತದೆ. ಬ್ರೌಸರ್ ತೆರೆದಾಗ ಮಾತ್ರ ತಡೆಯುತ್ತಾರೆ. 2016ರಲ್ಲಿ ಮುಂಬಯಿ ಸೆಂಟ್ರಲ್ ಸ್ಟೇಷನ್‌ನಲ್ಲಿ ಉಚಿತ ವೈಫೈ ಬಂದಾಗ ಫೋನ್ ನಂಬರ್ ಕೊಟ್ಟು ಒಟಿಪಿ ಹಾಕುತ್ತಿದ್ದೆವಲ್ಲ, ಅದೇ ಪದ್ಧತಿ.

ಪುಟ ಬಾರದಿರಲು ಕಾರಣ ಇದೆ. ನೀವು ಎಚ್‌ಟಿಟಿಪಿಎಸ್ ಸೈಟ್, ಅಂದರೆ ಮಾತಿಗೆ ಬೀಗ ಹಾಕಿ ಕಳಿಸುವ ಸೈಟ್ ತೆರೆದರೆ ನಡುವೆ ಯಾರೂ ಕೈ ಹಾಕಲು ಬ್ರೌಸರ್ ಬಿಡುವುದಿಲ್ಲ. ಪಿಜಿಯ ಯಂತ್ರ ತನ್ನ ಪುಟ ತೋರಿಸಲು ಹೋದರೆ ಅದನ್ನೂ ಕಳ್ಳ ಅಂತಲೇ ನೋಡುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿ. ಫೋನ್ ತಾನಾಗಿ ಪರೀಕ್ಷೆ ಮಾಡಿ 'ಸೈನ್ ಇನ್' ಅಂತ ತೋರಿಸುತ್ತದೆ.

ಒಂದು ಫೋನ್ ಎರಡಾಗುವುದು ಮ್ಯಾಕ್‌ನಿಂದ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್ ತನ್ನ ನಿಜವಾದ ಮ್ಯಾಕ್ ಹೇಳುವುದಿಲ್ಲ, ಒಂದೊಂದು ವೈಫೈಗೆ ಒಂದೊಂದು ಹುಟ್ಟಿಸಿಕೊಂಡದ್ದು ಹೇಳುತ್ತದೆ. ಪಿಜಿಯಲ್ಲಿ ಮಹಡಿಗೊಂದು ವೈಫೈ ಹೆಸರಿದ್ದರೆ ನಿಮ್ಮ ಫೋನ್ ಎರಡು ಮಹಡಿಯಲ್ಲಿ ಎರಡು ಫೋನ್. ಆ ವೈಫೈಗಳಿಗೆ ಮಾತ್ರ ಸೆಟ್ಟಿಂಗ್‌ನಲ್ಲಿ ಫೋನಿನ ಸ್ವಂತ ಮ್ಯಾಕ್ ಇಡಿ. ಉಳಿದ ಕಡೆ ಬದಲಿಸಬೇಡಿ, ಅದು ನಿಮ್ಮ ರಕ್ಷಣೆಗೇ ಇರುವುದು.

ಇನ್ನೊಂದು ಮಾತು. ಸೇರುವಾಗ ಪಾಸ್‌ವರ್ಡ್ ಇಲ್ಲದೆ, ಪುಟದಲ್ಲಿ ಮಾತ್ರ ಪಾಸ್‌ವರ್ಡ್ ಕೇಳುವ ವೈಫೈನಲ್ಲಿ ಸಾಮಾನ್ಯವಾಗಿ ಗಾಳಿಯಲ್ಲಿ ಹೋಗುವ ಮಾತಿಗೆ ಬೀಗ ಇರುವುದಿಲ್ಲ. ನಿಮ್ಮ ಆಫೀಸಿನ ವೈಫೈ ಸೇರುವಾಗಲೇ ಹೆಸರು, ಪಾಸ್‌ವರ್ಡ್ ಕೇಳುತ್ತದಲ್ಲ, ಅದು 802.1ಎಕ್ಸ್. ಅಲ್ಲಿ ಮ್ಯಾಕ್ ನಂಬರಿನ ಮಹಡಿಯಲ್ಲೇ ಬೀಗ ಬೀಳುತ್ತದೆ. ಬ್ಯಾಂಕಿನ ಕೆಲಸವನ್ನು ಪಿಜಿಯಲ್ಲಿ ಮೊಬೈಲ್ ಡೇಟಾ ಮೇಲೇ ಮಾಡಿ.

ಪ್ರಶ್ನೆ: ಹಳೇ ರೌಟರ್ ತೆಗೆದು ಹೊಸದು ಹಾಕಿದೆ. ಹೆಸರು, ಪಾಸ್‌ವರ್ಡ್ ಸರಿ ಹಾಕಿದರೂ ಮೊದಲ ದಿನ ನೆಟ್ ಬರಲಿಲ್ಲ. ಆಪರೇಟರ್ ಏನೋ ಬದಲಿಸಿದ ಮೇಲೆ ಬಂತು. ಈಗ ಕೆಲವು ಸೈಟ್ ಅರ್ಧಕ್ಕೆ ನಿಲ್ಲುತ್ತವೆ.
— ಓದುಗರು, ವಾಸ್ಕೋ, ಗೋವಾ

ಮೊದಲ ದಿನದ್ದು ಮ್ಯಾಕ್. ಆಪರೇಟರ್ ಹತ್ತಿರ ನಿಮ್ಮ ಹೆಸರಿನ ಮುಂದೆ ಹಳೇ ರೌಟರ್‌ದು ಬರೆದಿತ್ತು, ಅದನ್ನು ತೆಗೆದು ಹೊಸದು ಬರೆದಿರಬೇಕು.

ಅರ್ಧಕ್ಕೆ ನಿಲ್ಲುವುದು ಪಿಪಿಪಿಒಇಯ ತೂಕದಿಂದ. ಈಥರ್ನೆಟ್‌ನ ಒಂದು ಚೀಲದಲ್ಲಿ 1500 ಬೈಟ್ ಹಿಡಿಯುತ್ತದೆ. ಪಿಪಿಪಿಒಇ ತನ್ನ ಚೀಟಿಗೆ 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿದದ್ದು 1492. ಹೊಸ ರೌಟರ್‌ನ ಸೆಟ್ಟಿಂಗ್‌ನಲ್ಲಿ ವ್ಯಾನ್ (WAN, ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು, ಅಂದರೆ ಒಂದು ಚೀಲದ ಅಳತೆ, 1500 ಅಂತ ಇದ್ದರೆ 1492 ಮಾಡಿ. ಆಗಲೂ ನಿಂತರೆ 1480 ಮಾಡಿ ನೋಡಿ. ತುಂಬಾ ಕಡಿಮೆ ಮಾಡಬೇಡಿ, ಸ್ಪೀಡ್ ಬೀಳುತ್ತದೆ.

ಹಳೇ ರೌಟರನ್ನು ಯಾರಿಗಾದರೂ ಕೊಡುವುದಿದ್ದರೆ, ಅದಕ್ಕೆ ಮಾತ್ರ ಪಿನ್ ಚುಚ್ಚಿ ರೀಸೆಟ್ ಮಾಡಿಯೇ ಕೊಡಿ. ನಿಮ್ಮ ಹೆಸರು, ಪಾಸ್‌ವರ್ಡ್ ಎರಡೂ ಇನ್ನೂ ಅದರೊಳಗೇ ಇವೆ.